‘ಸಿಮೆಂಟ್ ಪತ್ರಾ’ ಎಂದರೆ ಕಲ್ನಾರು ಎಂದು ಯಾರಿಗೆ ತಿಳಿಯುತ್ತದೆ?

ಎಲ್ಲರಿಗೂ ನಮಸ್ಕಾರ.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸಾಲಿನಲ್ಲಿ ಹೆಚ್ಚಿನ ಮನೆಗಳ ಮಾಡು ಇನ್ನೂ ಬೂದುಬಣ್ಣದ ಅಲೆಅಲೆ ಶೀಟಿನದೇ. ಮೇ ತಿಂಗಳು ಬಂತೆಂದರೆ ಎಲ್ಲರೂ ಏಣಿ ಹತ್ತುತ್ತಾರೆ. ಬಿರುಕಿಗೆ ಡಾಂಬರು ಬಳಿಯಬೇಕು, ಪಾಚಿ ಉಜ್ಜಬೇಕು, ಒಡೆದ ಶೀಟು ಬದಲಿಸಬೇಕು. ಹೋದ ವರ್ಷ ನಮ್ಮ ಭಾವ ಗ್ರೈಂಡರ್ ಹಿಡಿದು ಅಂಗಳದಲ್ಲೇ ಒಂದು ಶೀಟು ಕೊಯ್ದರು. ಮಕ್ಕಳು ಅಲ್ಲೇ ಆಡುತ್ತಿದ್ದರು. “ಭಾವ, ಅದು ಆಸ್ಬೆಸ್ಟಾಸ್” ಎಂದೆ. “ಅಲ್ಲ ಮಾರಾಯ, ಇದು ಸಿಮೆಂಟ್ ಪತ್ರಾ” ಎಂದರು. ವಾದಕ್ಕೆ ಹೇಳಿದ ಮಾತಲ್ಲ; ಎರಡೂ ಬೇರೆ ಬೇರೆ ಎಂದೇ ಅವರು ತಿಳಿದಿದ್ದರು.

ಪತ್ರಾ ಎಂದರೆ ಶೀಟು, ಮರಾಠಿಯಿಂದ ನಮ್ಮ ಮುಂಬಯಿ ಕನ್ನಡಕ್ಕೆ ಬಂದ ಪದ. ತಗಡೂ ಪತ್ರಾ, ಇದೂ ಪತ್ರಾ. ಮುಂದೆ ‘ಸಿಮೆಂಟ್’ ಸೇರಿತೆಂದರೆ ಒಳಗಿನ ನಾರು ಹೆಸರಿನಿಂದಲೇ ಮಾಯ. ಶೀಟಿನಲ್ಲಿ ಹೆಚ್ಚಿನ ಪಾಲು ಸಿಮೆಂಟೇ, ನಿಜ. ಆದರೆ ನೂರಕ್ಕೆ 10ರ ಆಸುಪಾಸು ಬಿಳಿ ಕಲ್ನಾರು, ಅಂದರೆ ಬಿಳಿ ಆಸ್ಬೆಸ್ಟಾಸ್. ಯುರೋಪಿನ ಒಕ್ಕೂಟ 2005ರಿಂದ ಇದನ್ನು ನಿಷೇಧಿಸಿದೆ. ನಮ್ಮಲ್ಲಿ ಮಾರಾಟ ನಡೆದೇ ಇದೆ.

ಕಲ್ನಾರು ಎಂಬ ಪದದ ಮೇಲೆ ನನಗೆ ತುಂಬ ಅಭಿಮಾನ. ‘ಆಸ್ಬೆಸ್ಟಾಸ್’ ಗ್ರೀಕಿನಿಂದ ಬಂದದ್ದು, ‘ನಂದಿಸಲಾಗದ್ದು’ ಎಂದು ಅರ್ಥ. ಅದು ಬೆಂಕಿಯ ಮಾತು. ನಾವು ಮತ್ತು ತಮಿಳರು (ಅವರದೂ ಕಲ್‌ನಾರ್) ಇದನ್ನು ಕಲ್ಲಿನೊಳಗಿನ ಎಳೆಯಾಗಿ ಕಂಡೆವು. ಅಪಾಯ ಇರುವುದೂ ಆ ಎಳೆಯಲ್ಲೇ. ಕೊಯ್ದಾಗ, ತೂತು ಕೊರೆದಾಗ, ತಂತಿಬ್ರಷ್ಷಿನಲ್ಲಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಹಾರಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಕ್ಯಾನ್ಸರ್ ತಲೆ ಎತ್ತಲು 20ರಿಂದ 40 ವರ್ಷ ಹಿಡಿಯಬಹುದು. ಆಗ ಆ ಮೇ ತಿಂಗಳು ಯಾರಿಗೆ ನೆನಪಿರುತ್ತದೆ?

ಆದರೆ ‘ನಾರು’ ಎಂದೊಡನೆ ನಮಗೆ ನೆನಪಾಗುವುದು ಹೂ ಕಟ್ಟುವ ಬಾಳೆನಾರು, ತೆಂಗಿನ ನಾರು. ಡಾಕ್ಟರು ತಿನ್ನಿ ಎನ್ನುವುದೂ ನಾರನ್ನೇ. ಹೀಗಾಗಿ ಕಲ್ನಾರು ಎಂದರೆ ಯಾರಿಗೂ ಎಚ್ಚರ ಹುಟ್ಟುವುದಿಲ್ಲ. ‘ಫೈಬರ್’ ಎನ್ನೋಣವೆಂದರೆ ಅದು ಇನ್ನೂ ಗೋಜಲು. ಇಲ್ಲಿನ ಅಂಗಡಿಯಲ್ಲಿ ಫೈಬರ್ ಶೀಟ್ ಎಂದರೆ ಬೆಳಕು ಬೀಳುವ ಪ್ಲಾಸ್ಟಿಕ್ ಶೀಟು. ಫೈಬರ್ ಸಿಮೆಂಟ್ ಎಂದರೆ ಕಲ್ನಾರು ಇರುವುದೂ ಆಗಬಹುದು, ಇಲ್ಲದ್ದೂ ಆಗಬಹುದು.

ಇನ್ನೊಂದು ಪದ ಬೇಕಾಗಿದೆ. ಗಟ್ಟಿಯಾಗಿದ್ದು ಕದಲದ ಶೀಟಿನಿಂದ ಅಪಾಯ ಕಡಿಮೆ. ಬಿಸಿಲುಮಳೆಗೆ ಸವೆದು ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದನ್ನು ಮುಟ್ಟಲೇ ಬಾರದು. ಈ ಸ್ಥಿತಿಗೆ ಏನೆನ್ನೋಣ? ಮರ ಹಾಳಾದರೆ ‘ಲಡ್ಡು ಹಿಡಿದಿದೆ’ ಎನ್ನುತ್ತೇವಲ್ಲ, ‘ಲಡ್ಡಾದ ಶೀಟು’ ಎನ್ನಬಹುದೇ? ‘ಉದುರುದುರು’ ಎಂದರೆ ಉಪ್ಪಿಟ್ಟಿಗೆ ಹೇಳಿದಂತಾಗುತ್ತದೆ. ‘ಹುಡಿಯೇಳುವ’ (ಪುಡಿ ಏಳುವ) ನನಗೆ ಹಿಡಿಸಿತು, ಆದರೆ ಘಟ್ಟದ ಮೇಲಿನವರಿಗೆ ಹುಡಿ ಎಂದರೆ ಕೂಡಲೇ ಹೊಳೆಯುತ್ತದೋ ಇಲ್ಲವೋ.

ನಮ್ಮ ಓಣಿಯ ಕನ್ನಡದ ಮನೆಗಳಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಈವರೆಗೆ ಬರೆದಿರುವುದು ಇಷ್ಟು: “ನಿಮ್ಮ ಸಿಮೆಂಟ್ ಪತ್ರಾದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಕೊಯ್ಯಬೇಡಿ, ಒಡೆಯಬೇಡಿ, ಒಣ ಪುಡಿಯನ್ನು ಗುಡಿಸಬೇಡಿ. ತೆಗೆಯಲೇಬೇಕಾದರೆ ತಿಳಿದವರನ್ನು ಕರೆಯಿರಿ. ನೀರು ಚಿಮುಕಿಸಿ ನೆನೆಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ.”

ಕೊನೆಯ ‘ಧೂಳು’ ಸಾಲದು ಅನ್ನಿಸುತ್ತಿದೆ. ಧೂಳಿಗೆ ಮುಂಬಯಿಯಲ್ಲಿ ಯಾರು ಹೆದರುತ್ತಾರೆ? ‘ನಾರುಧೂಳು’, ‘ಕಲ್ಲೆಳೆ’, ‘ನಾರುಹುಡಿ’ — ಇವುಗಳಲ್ಲಿ ಯಾವುದನ್ನು ನಿಮ್ಮ ಮನೆಯ ಹಿರಿಯರು ಒಮ್ಮೆ ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ? ದಯವಿಟ್ಟು ಅವರನ್ನೇ ಕೇಳಿ ತಿಳಿಸಿ. ಪುಣೆ, ಗೋವಾದ ಕನ್ನಡಿಗರು ಈ ಶೀಟಿಗೆ ಏನೆನ್ನುತ್ತಾರೆ ಎಂಬುದೂ ಬೇಕು.