ಎಂಡಿಸಿಗೆ ಬೆಂಕಿ ಹತ್ತಲ್ಲ ಅಂತಾರೆ, ಹಾಗಾದ್ರೆ ಭಯ ಇಲ್ವಾ?

ಪ್ರಶ್ನೆ: ನಮಸ್ಕಾರ ಮೇಡಂ. ಲೋಹದ ಬಿಡಿಭಾಗಗಳ ಹಳೆ ಪೇಂಟ್ ತೆಗೆಯೋ ಕೆಲಸ ನಮ್ಮದು. ಮೊದಲು ಥಿನ್ನರ್ ಬಳಸ್ತಿದ್ವಿ. ಬೆಂಕಿ ಭಯ ಇಲ್ಲ ಅಂತ ಈಗ ಎಂಡಿಸಿ (ಮೆಥಿಲೀನ್ ಕ್ಲೋರೈಡ್) ತರಿಸ್ತಿದ್ದಾರೆ. ಕೆಲಸ ಬೇಗ ಆಗುತ್ತೆ, ಆದ್ರೆ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಒಂಥರಾ ಮಂಪರು. ಕಾರ್ಟ್ರಿಜ್ ಮಾಸ್ಕ್, ನೀಲಿ ನೈಟ್ರೈಲ್ ಗ್ಲೌಸ್ ಹಾಕ್ಕೊಂಡೇ ಮಾಡ್ತೀವಿ. ಸಾಕಾ?

ಉತ್ತರ: ಸಾಕಾಗಲ್ಲ. ತಲೆ ಭಾರ ಆಗ್ತಿದೆ ಅಂದ್ರೆ ಆವಿ ಆಗಲೇ ಮೈ ಸೇರ್ತಿದೆ. ದಯವಿಟ್ಟು ಇದನ್ನ ಸುಸ್ತು ಅಂತ ತಳ್ಳಿಹಾಕಬೇಡಿ.

ಥಿನ್ನರಿನ ಹಾಗೆ ಎಂಡಿಸಿ ಸುಲಭಕ್ಕೆ ಹತ್ತಿಕೊಳ್ಳಲ್ಲ, ಅದು ನಿಜ. ಗಾಳಿಯಲ್ಲಿ ಆವಿ ಸುಮಾರು ಶೇ. 13 ದಾಟಿದ್ಮೇಲೇ ಉರಿಯೋ ಪ್ರಶ್ನೆ. ಆದ್ರೆ ಅದು 40 ಡಿಗ್ರಿಗೇ ಕುದಿಯುತ್ತೆ, ತೆರೆದ ತೊಟ್ಟಿಯಿಂದ ಆವಿ ಏಳ್ತಾನೇ ಇರುತ್ತೆ. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲೆ ಫ್ಯಾನ್ ತಿರುಗ್ತಿದ್ರೂ ಅದು ತೊಟ್ಟಿಯೊಳಗೆ, ನೆಲದ ಮಟ್ಟದಲ್ಲಿ ನಿಂತಿರುತ್ತೆ. ನೀವು ಬಗ್ಗಿ ಕೆರೆಯುವಾಗ ನಿಮ್ಮ ಮುಖ ಇರೋದೂ ಅಲ್ಲೇ.

ಮಂಪರಿಗೆ ಎರಡು ಕಾರಣ. ಒಂದು, ಆವಿ ನೇರವಾಗಿ ಮಿದುಳನ್ನ ಮಂಕು ಮಾಡುತ್ತೆ. ಎರಡನೇದು ತುಂಬಾ ಜನಕ್ಕೆ ಗೊತ್ತಿಲ್ಲ: ಯಕೃತ್ತು ಎಂಡಿಸಿಯನ್ನ ಒಡೆದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕಿಕೊಂಡವರನ್ನ ಕೊಲ್ಲೋ ಅದೇ ಅನಿಲ, ಇಲ್ಲಿ ಮೈಯೊಳಗೇ ತಯಾರಾಗುತ್ತೆ. ಕೊಬ್ಬಿನಲ್ಲಿ ಉಳಿದ ಎಂಡಿಸಿ ನಿಧಾನವಾಗಿ ಹೊರಬರೋದ್ರಿಂದ, ಕೆಲಸ ಬಿಟ್ಟು ಮನೆಗೆ ಹೋದ ಮೇಲೂ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಮಟ್ಟ ಏರಬಹುದು. ಹೃದ್ರೋಗ ಇರೋರನ್ನ ಈ ಕೆಲಸಕ್ಕೆ ಹಚ್ಚಲೇಬಾರದು.

ಗ್ಲೌಸ್ ವಿಷಯ. ತೆಳು ನೈಟ್ರೈಲನ್ನ ಎಂಡಿಸಿ ಕೆಲವೇ ನಿಮಿಷದಲ್ಲಿ ದಾಟುತ್ತೆ. ಮೊದಲು ಬೆರಳ ತುದಿ ತಣ್ಣಗಾದ ಹಾಗೆ ಅನಿಸುತ್ತೆ, ಆಮೇಲೆ ಉರಿ. ಅಷ್ಟೊತ್ತಿಗೆ ಗ್ಲೌಸ್ ಉಬ್ಬಿ ಸಡಿಲ ಆಗಿರುತ್ತೆ. ಹಲವು ಪದರದ ಲ್ಯಾಮಿನೇಟ್ ಗ್ಲೌಸ್ ಒಳಗೆ, ಹಿಡಿತಕ್ಕೆ ಅದರ ಮೇಲೆ ನೈಟ್ರೈಲ್ ಹಾಕಿ. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಗ್ಲೌಸ್ ಕೂಡ ತಡೆಯುತ್ತೆ, ಆದ್ರೆ ನೀರು ತಾಗಿದ್ರೆ ಹಾಳು. ಕಾರ್ಟ್ರಿಜ್‌ ನಂಬಲೇಬೇಡಿ. ಅದರ ಇದ್ದಿಲು ಎಂಡಿಸಿಯನ್ನ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಲ್ಲ. ಹೊರಗಿನಿಂದ ಶುದ್ಧ ಗಾಳಿ ಪೈಪಲ್ಲಿ ಬರೋ ಮಾಸ್ಕೇ ಬೇಕು.

ಪ್ರಶ್ನೆ: ವಾಸನೆ ಬಂದ್ರೆ ಆಚೆ ಹೋಗ್ತೀವಿ ಮೇಡಂ, ಅದು ಸಾಲದಾ?

ಉತ್ತರ: ಸಾಲದು. ಆ ಸಿಹಿ ವಾಸನೆ ಸಾಮಾನ್ಯವಾಗಿ ಮೂಗಿಗೆ ತಿಳಿಯೋದು ಸುಮಾರು 200 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 200 ಭಾಗ) ಹೊತ್ತಿಗೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಎಂಟು ಗಂಟೆ ಕೆಲಸಕ್ಕೆ ಇಟ್ಟಿರೋ ಸರಾಸರಿ ಮಿತಿ 25. ಅಲ್ಲಿನ ಪರಿಸರ ಸಂಸ್ಥೆ 2024ರಲ್ಲಿ ಇದರ ಬಹುಪಾಲು ಬಳಕೆಯನ್ನೇ ನಿಷೇಧಿಸಿ, ಉಳಿದ ಕಡೆ ಮಿತಿಯನ್ನ 2ಕ್ಕೆ ಇಳಿಸಿತು. ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನೋ ಗುಂಪಿಗೂ ಇದು ಸೇರಿದೆ.

ಇನ್ನೊಬ್ಬರು: ನಮ್ಮಲ್ಲಿ ತೊಟ್ಟಿ ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತೆ. ಬೆಂಕಿ ಹತ್ತಲ್ವಲ್ಲ ಅಂತ ಯಾರೂ ತಲೆ ಕೆಡಿಸ್ಕೊಂಡಿಲ್ಲ.

ಉತ್ತರ: ಇವತ್ತೇ ನಿಲ್ಲಿಸಿ! ಆ ಶಾಖಕ್ಕೆ ಆವಿ ಒಡೆದು ಹೈಡ್ರೋಜನ್ ಕ್ಲೋರೈಡ್ ಬರುತ್ತೆ, ಜೊತೆಗೆ ಫಾಸ್ಜೀನ್ ಅನ್ನೋ ವಿಷಾನಿಲ ಕೂಡ. ಫಾಸ್ಜೀನ್ ಉಸಿರಾಡಿದವರಿಗೆ ಮೊದಮೊದಲು ಏನೂ ಅನಿಸದೇ ಇರಬಹುದು, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಬಿಸಿಲಲ್ಲಿಟ್ಟ ಡ್ರಮ್ ಕೂಡ ನೋಡಿಕೊಳ್ಳಿ, ಒತ್ತಡಕ್ಕೆ ಉಬ್ಬಿದ್ರೆ ತಣಿಯೋವರೆಗೂ ಮುಚ್ಚಳ ಮುಟ್ಟಬೇಡಿ.

ಮತ್ತೊಬ್ಬರು: ಇಷ್ಟೆಲ್ಲ ಇದ್ರೂ ಔಷಧ ಕಾರ್ಖಾನೆಗಳಲ್ಲಿ ಯಾಕೆ ಬಳಸ್ತಾರೆ?

ಉತ್ತರ: ಎಷ್ಟೋ ಬಗೆಯ ಪದಾರ್ಥ ಕರಗಿಸುತ್ತೆ, ನೀರಿನ ಜೊತೆ ಬೆರೆಯದೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತೆ, ಸ್ವಲ್ಪ ಬಿಸಿಗೇ ಹಾರಿಹೋಗುತ್ತೆ. ಕೆಲಸಕ್ಕೆ ಒಳ್ಳೇ ದ್ರಾವಕವೇ. ಆದ್ರೆ ಅಲ್ಲಿ ಅದು ಮುಚ್ಚಿದ ರಿಯಾಕ್ಟರ್, ಕಂಡೆನ್ಸರ್ ಒಳಗೆ ಇರಬೇಕು. ಪೇಂಟ್ ತೆಗೆಯೋಕೆ ಬೆಂಜೈಲ್ ಆಲ್ಕೋಹಾಲ್ ಇರೋ ಸ್ಟ್ರಿಪ್ಪರ್ ಸಿಗುತ್ತೆ. ನಿಧಾನ, ಆದ್ರೆ ನನ್ನ ಮಾತು ಕೇಳೋದಾದ್ರೆ ಅದಕ್ಕೇ ಬದಲಾಯಿಸಿ.

ಪ್ರಶ್ನೆ (ಮೊದಲು ಕೇಳಿದವರು): ಯಾರಾದ್ರೂ ತೊಟ್ಟಿಯೊಳಗೆ ಕುಸಿದು ಬಿದ್ರೆ?

ಉತ್ತರ: ಗಾಳಿ ಪೂರೈಕೆಯ ಮಾಸ್ಕ್ ಇಲ್ಲದೆ ಯಾರೂ ಹಿಂದೆ ಇಳಿಯಬೇಡಿ, ಇಳಿದವರೂ ಅಲ್ಲೇ ಬೀಳ್ತಾರೆ. ಅಗ್ನಿಶಾಮಕ ದಳ ಕರೆಸಿ. ಆಸ್ಪತ್ರೆಯಲ್ಲಿ "ಎಂಡಿಸಿ ಆವಿ ಉಸಿರಾಡಿದ್ದಾರೆ, ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಿ" ಅಂತ ಬಿಡಿಸಿ ಹೇಳಿ. ರಕ್ತಕ್ಕೆ ಎಷ್ಟು ಕಾರ್ಬನ್ ಮೊನಾಕ್ಸೈಡ್ ಅಂಟಿದೆ ಅಂತ ತೋರಿಸೋ ಪರೀಕ್ಷೆ ಅದು. ಬೆರಳಿಗೆ ಹಾಕೋ ಆಕ್ಸಿಮೀಟರ್ ಆಮ್ಲಜನಕಕ್ಕೂ ಕಾರ್ಬನ್ ಮೊನಾಕ್ಸೈಡಿಗೂ ವ್ಯತ್ಯಾಸ ಗುರುತಿಸಲ್ಲ. ಅದರಲ್ಲಿ 98 ತೋರಿಸ್ತಿದೆ ಅಂತ ಮನೆಗೆ ಕಳಿಸೋಕೆ ಬಿಡಬೇಡಿ.