ಕೇಬಲ್ ಬಂದ ಮೇಲೂ ಲಕ್ಷದ್ವೀಪಕ್ಕೆ ಉಪಗ್ರಹ ಬೇಕೆ?

ಪ್ರಶ್ನೆ (ಕಾರವಾರದಿಂದ): ನಮ್ಮೆದುರಿನ ಕೂರ್ಮಗಡದಂತಹ ನಡುಗಡ್ಡೆಗೆ ದಡದ ಟವರೇ ಸಾಕಾಗಬಹುದು; ಆದರೆ ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸಮುದ್ರದಡಿಯ ಫೈಬರ್ ಕೇಬಲ್ ಎಳೆದು, 2024ರ ಜನವರಿಯಲ್ಲಿ ಉದ್ಘಾಟಿಸಿದ ಮೇಲೂ ಉಪಗ್ರಹ ಸಂಪರ್ಕವನ್ನು ಉಳಿಸಿಕೊಳ್ಳಬೇಕೆನ್ನುವುದು ಏಕೆ?

ಉತ್ತರ (ಅಂಕೋಲಾದಿಂದ): ಭೂಮಿಯ ಬಾಗಿನಿಂದಾಗಿ ಟವರಿನ ಸಂಕೇತ ಅಷ್ಟು ದೂರ ತಲುಪದು. ಭೂಸ್ಥಿರ ಉಪಗ್ರಹವೋ (ಭೂಮಿಯೊಡನೆ ತಿರುಗುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವಂಥದು) ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ, ಮಾತು ಹೋಗಿ ಮರುಮಾತು ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಉಪಗ್ರಹದ ಸೀಮಿತ ಸಾಮರ್ಥ್ಯವನ್ನು ಬ್ಯಾಂಕು, ಆಸ್ಪತ್ರೆ, ಮನೆಗಳೆಲ್ಲವೂ ಹಂಚಿಕೊಳ್ಳಬೇಕಾಗುವುದು. ಕೇಬಲ್ ಈ ಇಕ್ಕಟ್ಟನ್ನು ಬಿಡಿಸುತ್ತದೆ, ನಿಜ. ಆದರೆ ಅದು ತುಂಡಾದರೆ ದುರಸ್ತಿಗೆ ವಿಶೇಷ ಹಡಗೇ ಬರಬೇಕು, ಮಳೆಗಾಲದ ಕಡಲಿನಲ್ಲಿ ಆ ಕೆಲಸ ಎಷ್ಟು ಕಷ್ಟವೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಆಸರೆಯಾಗಲೆಂದೇ ಉಪಗ್ರಹ ಸಂಪರ್ಕವನ್ನು ಉಳಿಸಿಕೊಳ್ಳಬೇಕು.

ಉತ್ತರ (ಶಿರಸಿಯಿಂದ): ಹಣದ ಲೆಕ್ಕವನ್ನೂ ನೋಡಿ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 64,000, ಅದೂ ಹತ್ತು ದ್ವೀಪಗಳಲ್ಲಿ ಚದುರಿದೆ. ಗ್ರಾಹಕರು ಕಡಿಮೆಯೆಂದು ಕೇಬಲಿನ ಉದ್ದ ತಗ್ಗುವುದಿಲ್ಲ. ಆದ್ದರಿಂದಲೇ ಈ ಯೋಜನೆಗೆ ಕೇಂದ್ರದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ (ಲಾಭ ಸಿಗದ ದೂರದ ಊರುಗಳಿಗೂ ದೂರಸಂಪರ್ಕ ಒದಗಿಸಲೆಂದು ಇರಿಸಿದ ಹಣದಿಂದ) ನೆರವು ಬಂತು. ನಮ್ಮ ಘಟ್ಟದ ಒಂಟಿಮನೆಗಳದೂ ಇದೇ ಲೆಕ್ಕವೇ, ಆದರೆ ಇಲ್ಲಿ ತಂತಿ ಹರಿದರೆ ಜೀಪು ಸಾಕು.

ಪ್ರಶ್ನಿಸಿದವರು: ಹಾಗಾದರೆ ಆ ದ್ವೀಪಗಳಲ್ಲಿನ ಟವರುಗಳಿಗೆ ವಿದ್ಯುತ್?

ಉತ್ತರ (ಅಂಕೋಲಾದಿಂದ): ಸೌರಘಟಕಗಳಿದ್ದರೂ ಅಲ್ಲಿನ ವಿದ್ಯುತ್ತಿಗೆ ಡೀಸೆಲ್ ಜನರೇಟರುಗಳೇ ಮುಖ್ಯ ಆಸರೆಯಾಗಿವೆ, ಆ ಡೀಸೆಲ್ ಕೂಡ ಹಡಗಿನಲ್ಲೇ ಬರಬೇಕು.