ಆರ್ಟ್ಸ್ ಓದಿದ ತಂಗಿಗೆ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸ್ತೀನಿ ಅಂತಾನ ಏಜೆಂಟ್. ನಂಬಬಹುದಾ?

ಶಹಾಪುರದ ಅಣ್ಣ:
ನಮ್ದು ಯಾದಗಿರಿ ಜಿಲ್ಲೆ, ಶಹಾಪುರದಿಂದ ಒಳಗ ಒಂದು ಹಳ್ಳಿ. ತಂಗಿ ಪಿಯುಸಿ ಆರ್ಟ್ಸ್ ಪಾಸಾಗ್ಯಾಳ, ಒಂದನೇತ್ತಿಯಿಂದ ಕನ್ನಡ ಮೀಡಿಯಂ. ನರ್ಸೇ ಆಗ್ತೀನಿ ಅಂತ ಹಟ. ಏಜೆಂಟ್ ಒಬ್ಬ ಫೋನ್ ಮಾಡಿ, ಬಿಎಸ್ಸಿ ಸೀಟು ಅದ, ಕ್ಲಾಸಿಗೆ ಬರೋದೇ ಬ್ಯಾಡ, ಪರೀಕ್ಷೆಗೆ ಬಂದ್ರ ಸಾಕು ಅಂದ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಳಸ್ರಿ ಅಂತಾನ. ಮಗಳು ಊರಾಗೇ ಇರ್ತಾಳ ಅಂತ ಅಪ್ಪಗ ಖುಷಿ. ಏನ್ ಮಾಡ್ಲಿ?

ಕೆಂಪುಮಣ್ಣು:
ಬಿಎಸ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಆರ್ಟ್ಸ್‌ನವರಿಗೆ ಹೇಗೆ ಕೊಡಿಸ್ತಾನಂತೆ? ಆ ನಂಬರ್ ಬ್ಲಾಕ್ ಮಾಡಿ.

ನೈಟ್ ಡ್ಯೂಟಿ ಅಕ್ಕ:
ತಮ್ಮಾ, ನಾನೂ ಲಿಂಗಸುಗೂರು ಕಡೆಯಾಕಿ. ಆರ್ಟ್ಸ್, ಕನ್ನಡ ಮೀಡಿಯಂ. ಈಗ ತಾಲ್ಲೂಕು ಆಸ್ಪತ್ರೆಯಾಗ ಸ್ಟಾಫ್ ನರ್ಸ್. ಮಾರ್ಕ್ಸ್ ಕಾರ್ಡ್ ಮಾತ್ರ ಕಳಿಸಬ್ಯಾಡ, ವಾಪಸ್ ಇಸ್ಕೊಳ್ಳಾಕ ರೊಕ್ಕ ಕೇಳ್ತಾರ.

ತಂಗಿಗೆ ಜಿಎನ್‌ಎಂ ಮಾಡಸು, ಅದು ನರ್ಸಿಂಗ್ ಡಿಪ್ಲೊಮಾ, 3 ವರ್ಷ. ನರ್ಸಿಂಗ್ ಕೌನ್ಸಿಲ್‌ನಾಗ ರಿಜಿಸ್ಟ್ರೇಷನ್ ಆದ ಮ್ಯಾಲೆ ಪೋಸ್ಟ್ ಬೇಸಿಕ್ ಬಿಎಸ್ಸಿ 2 ವರ್ಷ. ಡಿಗ್ರಿ ಆ ದಾರಿಯಾಗ ಸಿಗ್ತದ.

ಕ್ಲಾಸಿಗೆ ಬರೋದು ಬ್ಯಾಡ ಅಂದ್ರ ಕಲಿಯೋದೆಲ್ಲಿ? ಏಳಲಾರದ ಪೇಶಂಟನ್ನ ಮಗ್ಗಲಿಗೆ ಹೊಳ್ಳಿಸಿ ಬೆಡ್‌ಶೀಟ್ ಬದಲಿಸೋದು, ಸಣ್ಣ ಕೂಸಿನ ಕೈಯಾಗ ನರ ಹುಡುಕಿ ಸಲೈನ್ ಹಚ್ಚೋ ಕ್ಯಾನುಲಾ ಹಾಕೋದು, ಹೆರಿಗೆ ಆದಾಕಿಗೆ ರಕ್ತ ಜಾಸ್ತಿ ಹೋಗಾಕತ್ತದ ಅಂತ ಪ್ಯಾಡ್ ನೋಡೇ ತಿಳಕೊಳ್ಳೋದು, ಇವೆಲ್ಲ ವಾರ್ಡಿನಾಗೇ ಬರಬೇಕು. ಹಂಗ ಪರೀಕ್ಷೆ ಬರದು ಪಾಸಾದವರನ್ನ ನೋಡೀನಿ. ಇಂಜೆಕ್ಷನ್ ಔಷಧಿಯ ಗಾಜಿನ ಆಂಪ್ಯೂಲ್ ಒಡಿಯಾಕ ಕೈ ನಡಗ್ತದ. ಅಂಥವರ ಕೈಯಾಗ ನಮ್ಮವ್ವನ್ನ ಬಿಡಬೇಕೇನು?

ಇಂಗ್ಲಿಷ್ ಮೊದಲನೇ ವರ್ಷ ಅಳಸ್ತದ, ಸುಳ್ಳು ಯಾಕ ಹೇಳ್ಲಿ. ಅನಾಟಮಿ ಒಂದು ಪುಟಕ್ಕ ಅರ್ಧ ರಾತ್ರಿ ಹೋಗ್ತಿತ್ತು. ನನ್ನ ರೂಮಿನ ಕೇರಳದ ಹುಡುಗ್ಯಾರು ಪಾಠ ಬಿಡಿಸಿ ಹೇಳೋರು. ವಾರ್ಡಿನಾಗ ಮುದುಕ್ಯಾರು ಏನಂದ್ರು ಅಂತ ನಾನು ಅವರಿಗೆ ಹೇಳ್ತಿದ್ದೆ.

ಕಾಲೇಜು ನೋಡಾಕ ಹೋದಾಗ ಕಟ್ಟಡ, ಲ್ಯಾಬು ತೋರಸ್ತಾರ. ನೀನು ಹೊರಗ ಸೀನಿಯರ್ ಹುಡುಗ್ಯಾರನ್ನ ಹಿಡಿ. ವಾರ್ಡಿನಾಗ ಕಲಿಯಾಕ ಪೋಸ್ಟಿಂಗ್ ಯಾವ ಆಸ್ಪತ್ರೆಗೆ, ಅಲ್ಲಿ ದಿನಾ ಹೆರಿಗೆ ಆಗ್ತಾವೋ ಇಲ್ಲೋ, ಬಸ್ ಅದನೋ, ಅದನ್ನ ಕೇಳು. ಸರ್ಕಾರಿ ಸೀಟಿಗೆ ಮೊದಲು ಅರ್ಜಿ ಹಾಕು. ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಇಲ್ಲಂದ್ರ ಈಗೇ ಮಾಡಸು, ಮುಂದ ನೌಕರಿಗೂ ಬೇಕು.

ಶಹಾಪುರದ ಅಣ್ಣ:
ಅಕ್ಕಾರ, ಬಾಳ ಉಪಕಾರ ಆತ್ರಿ. ಏಜೆಂಟಗ ಇಲ್ಲ ಅಂದೆ. ಆದ್ರ ಹಾಸ್ಟೆಲು, ನೈಟ್ ಡ್ಯೂಟಿ ಅಂದಕೂಡ್ಲೇ ಅಪ್ಪ ಮಾತೇ ಬಿಟ್ಟಾರ.

ನೈಟ್ ಡ್ಯೂಟಿ ಅಕ್ಕ:
ನಮ್ಮಪ್ಪನೂ ಹಂಗೇ ಮಾಡಿದ್ದ. ಕಾಲೇಜು ನೋಡಾಕ ಅಪ್ಪಾರನ್ನೂ ಕರಕೊಂಡು ಹೋಗು, ವಾರ್ಡನ್ ಕೂಡ ಅವರೇ ಮಾತಾಡ್ಲಿ. ರಾತ್ರಿ ಪಾಳಿಗೆ ಹುಡುಗ್ಯಾರನ್ನ ಯಾರು ಬಿಡ್ತಾರ, ಯಾರು ಕರಕೊಂಡು ಬರ್ತಾರ ಅಂತ ಕೇಳಸು. ಸರಿಯಾಗಿ ಹೇಳದಿದ್ರ ಆ ಕಾಲೇಜು ಬಿಡು, ಬ್ಯಾರೆ ನೋಡು.